ಉಷ್ಣಪ್ರಿಯರು ಯಾರು? ನಾನೇ ಬರೆಸಿದ ಒಂದು ಟಿಪ್ಪಣಿಯ ವಿರುದ್ಧ



ಕಳೆದ ಬೇಸಿಗೆಯಲ್ಲಿ ಬನಹಟ್ಟಿಗೆ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಪೆಂಡಾಲಿನ ಮೂಲೆಯಲ್ಲಿ ಗಾಳಿಗಾಗಿ ಕುಳಿತಿದ್ದಾಗ ಹಳೆಯ ಶಿಷ್ಯನೊಬ್ಬ ಬಂದು ಕಾಲಿಗೆರಗಿದ. ಈಗ ಅವನು ಬೆಲ್ಲದ ಗಾಣವೊಂದರ ಒಡೆಯ. ಇಂಥ ಬಿಸಿಲಿನಲ್ಲಿ ಒಲೆಯ ಮುಂದೆ ನಿಲ್ಲುವ ಆಳುಗಳ ಪಾಡೇನು ಎಂದು ಕೇಳಿದೆ. ಅವನು ನಕ್ಕು ಹೇಳಿದ: "ನಮ್ಮ ಗಾಣದಾಗಿನ ಮಂದಿ ಉಷ್ಣಪ್ರಿಯರು ಸರ್! ನೀವೇ ಕಲಿಸಿದ್ರಲ್ಲ? ನಲವತ್ತೆರಡು ಡಿಗ್ರಿ ಇದ್ರೂ ಅವರಿಗೇನೂ ಆಗೂದಿಲ್ಲ."

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮೂವತ್ತು ವರ್ಷಗಳ ಹಿಂದೆ ಕಲಿಸಿದ ಪಾರಿಭಾಷಿಕ ಪದವೊಂದು ಶಿಷ್ಯನ ನಾಲಗೆಯ ಮೇಲೆ ಇನ್ನೂ ಉಳಿದಿದೆಯೆಂಬ ಹೆಮ್ಮೆಯೂ ಆಯಿತೆನ್ನಿ. ರಾತ್ರಿ ಮನೆಗೆ ಬಂದು ಮಲಗಿದಾಗ ಆ ಹೆಮ್ಮೆ ಇಳಿಯಿತು. ಪದ ಉಳಿದಿದೆ, ಅರ್ಥ ಉಳಿದಿಲ್ಲ. ಇನ್ನೂ ನಿಜ ಹೇಳಬೇಕೆಂದರೆ, ಅರ್ಥವನ್ನು ನಾನು ಕೊಟ್ಟೇ ಇರಲಿಲ್ಲ. ಆದ್ದರಿಂದ ಈ ಬರಹ ಆ ಶಿಷ್ಯನ ಮೇಲಿನ ದೂರಲ್ಲ. ಅವನು ಇದನ್ನು ಓದುತ್ತಾನೆಂಬುದು ಗೊತ್ತು, ಬೇಸರಿಸಬಾರದು. ನನ್ನ ಮೊದಲ ಜಗಳ ನನ್ನೊಡನೆಯೇ.

ನಾನು ಪ್ರತಿವರ್ಷ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ ಟಿಪ್ಪಣಿ ಇಷ್ಟೇ: "ಬಿಸಿನೀರಿನ ಬುಗ್ಗೆಗಳಲ್ಲಿ ವಾಸಿಸುವ, ಅಧಿಕ ಉಷ್ಣತೆಯನ್ನು ತಡೆದುಕೊಳ್ಳಬಲ್ಲ ಬ್ಯಾಕ್ಟೀರಿಯಾಗಳಿಗೆ ಉಷ್ಣಪ್ರಿಯ ಬ್ಯಾಕ್ಟೀರಿಯಾಗಳೆಂದು ಹೆಸರು." ಒಂದು ಅಂಕದ ಪ್ರಶ್ನೆ, ಒಂದು ಸಾಲಿನ ಉತ್ತರ. ನಿಮ್ಮಲ್ಲಿ ಅನೇಕರು ಅದನ್ನು ಬಾಯಿಪಾಠ ಮಾಡಿ ಆ ಅಂಕವನ್ನು ಗಳಿಸಿದ್ದೀರಿ. ಆ ಒಂದು ಸಾಲಿನಲ್ಲಿ ಎರಡು ತಪ್ಪುಗಳಿವೆ. ಬುಗ್ಗೆಗಳಲ್ಲಿ ವಾಸಿಸುತ್ತವೆ ಎಂಬುದು ಅರ್ಧಸತ್ಯ. ತಡೆದುಕೊಳ್ಳುತ್ತವೆ ಎಂಬುದು ಪೂರ್ಣ ತಪ್ಪು.

ಮೊದಲನೆಯ ತಪ್ಪನ್ನು ಒಬ್ಬ ಹುಡುಗ ಅಂದೇ ಹಿಡಿದಿದ್ದ. ಆಗ ನಾನು ಜಮಖಂಡಿ ತಾಲೂಕಿನ ಹಳ್ಳಿಯೊಂದರಲ್ಲಿ ಮಾಸ್ತರನಾಗಿದ್ದೆ. ಚಳಿಗಾಲದ ಒಂದು ಬೆಳಿಗ್ಗೆ ಈ ಟಿಪ್ಪಣಿಯನ್ನು ಬರೆಸುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ್, ನಮ್ಮ ತಿಪ್ಪಿ ಕೆದರಿದ್ರ ಹೊಗಿ ಹಂಗ ಉಗಿ ಬರತೈತಿ. ಒಳಗ ಕೈ ಇಟ್ರ ಸುಡತೈತಿ. ಅಲ್ಲೂ ಈ ಉಷ್ಣಪ್ರಿಯ ಇರತಾವೇನ್ರಿ?" ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನು, "ಪುಸ್ತಕದಾಗ ತಿಪ್ಪಿ ಅಂತ ಬರದೈತೇನಲೇ? ಕೂಡು" ಎಂದು ಗದರಿಸಿದೆ. ಅವನು ಕುಳಿತ. ಆಮೇಲೆ ಆ ವರ್ಷವಿಡೀ ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಹುಡುಗ ಹೇಳಿದ್ದು ಸರಿಯಾಗಿತ್ತು. ನಾನು ತಪ್ಪಾಗಿದ್ದೆ.

ವಿಜ್ಞಾನದ ಇತಿಹಾಸವೇ ಅವನ ಪರವಾಗಿ ಸಾಕ್ಷಿ ನುಡಿಯುತ್ತದೆ. ಉಷ್ಣಪ್ರಿಯ ಬ್ಯಾಕ್ಟೀರಿಯಾವನ್ನು 1879ರಲ್ಲಿ ಮೊದಲು ಗುರುತಿಸಿದವನು ಪಿಯರ್ ಮಿಕೆಲ್ ಎಂಬ ಫ್ರೆಂಚ್ ವಿಜ್ಞಾನಿ. ಅವನಿಗೆ ಅದು ಸಿಕ್ಕಿದ್ದು ಯಾವ ಬಿಸಿನೀರಿನ ಬುಗ್ಗೆಯಲ್ಲೂ ಅಲ್ಲ. ಪ್ಯಾರಿಸ್ಸಿನ ಮೂಲಕ ಹರಿಯುವ ಸೇನ್ ನದಿಯ ತಣ್ಣನೆಯ ನೀರಿನಲ್ಲಿ. ಆ ನೀರಿನಿಂದ ಬೇರ್ಪಡಿಸಿದ ಜೀವಿ 70 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲಿನ ಉಷ್ಣತೆಯಲ್ಲಿ ಬೆಳೆಯಿತು. ಜರ್ಮನಿಯ ಹ್ಯೂಗೋ ಮೀಹೆ 1907ರಲ್ಲಿ ಹುಲ್ಲಿನ ಬಣವೆಗಳು ತಮ್ಮಷ್ಟಕ್ಕೆ ತಾವೇ ಬಿಸಿಯಾಗುವುದೇಕೆ ಎಂಬುದರ ಮೇಲೆ ಒಂದು ಗ್ರಂಥವನ್ನೇ ಬರೆದ. ಸೂಕ್ಷ್ಮಜೀವಿಗಳನ್ನು ಕೊಂದ ಒದ್ದೆ ಹುಲ್ಲು ಬಿಸಿಯಾಗುವುದಿಲ್ಲ, ಅವನ್ನು ಮತ್ತೆ ಸೇರಿಸಿದರೆ ಬಿಸಿಯಾಗುತ್ತದೆ ಎಂದು ತೋರಿಸಿದ. ಹಸಿ ಆರುವ ಮುನ್ನವೇ ಕಣಿಕೆಯ ಬಣವೆ ಒಟ್ಟಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದುದರ ಹಿಂದೆ ಇರುವ ಸತ್ಯವೂ ಇದೇ. ಅಮೆರಿಕದ ಯೆಲ್ಲೋಸ್ಟೋನ್ ಬುಗ್ಗೆಗಳ ಪ್ರಸಿದ್ಧ ಬ್ಯಾಕ್ಟೀರಿಯಾವನ್ನು ಥಾಮಸ್ ಬ್ರಾಕ್ ತನ್ನ ಸಹೋದ್ಯೋಗಿಯೊಡನೆ ಲೋಕಕ್ಕೆ ಪರಿಚಯಿಸಿದ್ದು 1969ರಲ್ಲಿ. ಅಂದರೆ ನದಿ ಮತ್ತು ಬಣವೆಗಳ ಸರದಿ ಆ ಪ್ರಸಿದ್ಧ ಬ್ಯಾಕ್ಟೀರಿಯಾಕ್ಕಿಂತ ಎಷ್ಟೋ ಮೊದಲೇ ಬಂದಿತ್ತು.

ನಮ್ಮ ಕರ್ನಾಟಕದ ಬಿಸಿನೀರಿನ ಬುಗ್ಗೆಯೆಂದರೆ ಪುತ್ತೂರು ತಾಲೂಕಿನ ಬೆಂದ್ರುತೀರ್ಥ. ಅದರ ದಾಖಲಾದ ಉಷ್ಣತೆ 40 ಡಿಗ್ರಿಯ ಆಸುಪಾಸು. ಉಷ್ಣಪ್ರಿಯ ಜೀವಿಗಳಿಗೆ ಹಿತವಾದ ಉಷ್ಣತೆ ಸಾಮಾನ್ಯವಾಗಿ 45 ಡಿಗ್ರಿಯಿಂದ ಮೇಲಕ್ಕೆ, 80ರವರೆಗೆ. ಸರಿಯಾಗಿ ಒಟ್ಟಿದ ತಿಪ್ಪೆಯ ಒಡಲು 60 ಡಿಗ್ರಿ ದಾಟುತ್ತದೆ. ಬುಗ್ಗೆಗಿಂತ ಆ ಹುಡುಗನ ತಿಪ್ಪೆಯೇ ಪಾಠಕ್ಕೆ ಉತ್ತಮ ಉದಾಹರಣೆಯಾಗಿತ್ತು. ಶಾಲೆಯ ಕಿಟಕಿಯಿಂದ ಕಾಣುತ್ತಿದ್ದ ತಿಪ್ಪೆಯನ್ನು ಬಿಟ್ಟು, ಮಕ್ಕಳು ಜನ್ಮದಲ್ಲಿ ನೋಡದ ಬುಗ್ಗೆಯನ್ನು ನಾನು ಬರೆಸುತ್ತಿದ್ದೆ. ವಿಜ್ಞಾನವೆಂದರೆ ಬೇರೆ ದೇಶದಲ್ಲಿ, ಬೇರೆಯವರ ಊರಿನಲ್ಲಿ ನಡೆಯುವ ಸಂಗತಿ ಎಂಬ ಭಾವನೆಯನ್ನು ನಿಮ್ಮಲ್ಲಿ ಬಿತ್ತಿದವರಲ್ಲಿ ನಾನೂ ಒಬ್ಬ.

ಇನ್ನು ಎರಡನೆಯ ತಪ್ಪು. ಇದು ಹೆಚ್ಚು ಆಳವಾದದ್ದು, ಹೆಚ್ಚು ಹಾನಿಕರವಾದದ್ದು.

ಥರ್ಮೋಫೈಲ್ ಎಂಬ ಗ್ರೀಕ್ ಮೂಲದ ಪದದಲ್ಲಿ ಎರಡು ತುಂಡುಗಳಿವೆ. ಥರ್ಮೋಸ್ ಎಂದರೆ ಬಿಸಿ, ಫಿಲೋಸ್ ಎಂದರೆ ಪ್ರಿಯ. ಬ್ಯಾಕ್ಟೀರಿಯಾಕ್ಕೆ ಮನಸ್ಸಿಲ್ಲ, ಪ್ರೀತಿ ಎಲ್ಲಿಂದ ಬಂತು ಎಂದು ಕೇಳಬಹುದು. ಇಲ್ಲಿ ಪ್ರಿಯ ಎಂಬುದಕ್ಕೆ ಖಚಿತವಾದ ಅರ್ಥವಿದೆ: ಯಾವ ಉಷ್ಣತೆಯಲ್ಲಿ ಒಂದು ಜೀವಿ ಅತ್ಯಂತ ವೇಗವಾಗಿ ಬೆಳೆದು ಸಂತಾನವನ್ನು ಹೆಚ್ಚಿಸಿಕೊಳ್ಳುತ್ತದೆಯೋ ಅದೇ ಅದಕ್ಕೆ ಪ್ರಿಯವಾದ ಉಷ್ಣತೆ. ನಮ್ಮ ದೇಹದಲ್ಲಿ ಬದುಕುವ ಸಾಮಾನ್ಯ ಬ್ಯಾಕ್ಟೀರಿಯಾಗಳಿಗೆ ಅದು 37 ಡಿಗ್ರಿಯ ಹತ್ತಿರ. ಬ್ರಾಕ್ ಕಂಡ ಥರ್ಮಸ್ ಅಕ್ವಾಟಿಕಸ್ಸಿಗೆ 70 ಡಿಗ್ರಿ. ನಮ್ಮ ಮೈಗೆ ಹಿತವಾದ 37 ಡಿಗ್ರಿ ಅದಕ್ಕೆ ಬೆಳವಣಿಗೆಯೇ ಸಾಧ್ಯವಾಗದ ಚಳಿ. ಅದರ ಪ್ರೋಟೀನುಗಳ ಕಟ್ಟಡ, ಜೀವಕೋಶದ ಪೊರೆಯ ಕೊಬ್ಬು, ಎಲ್ಲವೂ ಆ ಬಿಸಿಗಾಗಿಯೇ ರೂಪುಗೊಂಡಿವೆ. ಅದು ಬಿಸಿಯನ್ನು ಸಹಿಸುತ್ತಿಲ್ಲ. ಮೀನಿಗೆ ನೀರು ಹೇಗೋ ಅದಕ್ಕೆ ಬಿಸಿ ಹಾಗೆ. ಮೀನು ನೀರನ್ನು ತಡೆದುಕೊಳ್ಳುತ್ತದೆ ಎಂದು ಯಾರಾದರೂ ಹೇಳುತ್ತಾರೆಯೇ?

ಸಹಿಸುವ ಜೀವಿಗಳ ವರ್ಗವೇ ಬೇರೆ. ಅವಕ್ಕೆ ಥರ್ಮೋಡ್ಯೂರಿಕ್ ಎನ್ನುತ್ತಾರೆ. ಕನ್ನಡದಲ್ಲಿ ಉಷ್ಣಸಹಿಷ್ಣು ಎನ್ನೋಣ. ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ತಣಿಸುವುದು ಪಾಶ್ಚರೀಕರಣದ ಒಂದು ಪ್ರಸಿದ್ಧ ಕ್ರಮ. ರೋಗಕಾರಕಗಳು ಅದರಲ್ಲಿ ಸಾಯುತ್ತವೆ, ಕೆಲವು ಸಹಿಷ್ಣು ಬ್ಯಾಕ್ಟೀರಿಯಾಗಳು ಉಳಿಯುತ್ತವೆ. ಉಳಿಯುತ್ತವೆ ಅಷ್ಟೇ, ಆ ಬಿಸಿಯಲ್ಲಿ ಬೆಳೆಯುವುದಿಲ್ಲ. ಹಾಲು ತಣಿದು ಹೊರಗೆ ಬಿದ್ದಾಗ ಮತ್ತೆ ಚೇತರಿಸಿಕೊಂಡು ಅದನ್ನು ಕೆಡಿಸುತ್ತವೆ. "ಕಾಸಿದ ಹಾಲು ಹೆಂಗ ಕೆಟ್ಟಿತು?" ಎಂದು ನಮ್ಮ ತಾಯಂದಿರು ಬೇಸಿಗೆಯಲ್ಲಿ ಕೇಳುವ ಪ್ರಶ್ನೆಗೆ ಒಂದು ಉತ್ತರ ಇಲ್ಲಿದೆ. ಕೆಲವು ಬ್ಯಾಕ್ಟೀರಿಯಾಗಳು ಬೀಜಕವೆಂಬ ಗಟ್ಟಿ ಕವಚದೊಳಗೆ ಮುದುಡಿಕೊಂಡು ಕುದಿಯುವ ನೀರನ್ನೂ ಕಳೆದು ಬದುಕುತ್ತವೆ. ಕವಚದೊಳಗಿರುವಾಗ ಅವು ಉಣ್ಣುವುದಿಲ್ಲ, ಬೆಳೆಯುವುದಿಲ್ಲ, ಕೇವಲ ಕಾಯುತ್ತವೆ. ಕಾಯುವುದಕ್ಕೆ ಬಾಳುವುದೆಂದು ಹೆಸರಿಡಬಾರದು.

ಈ ಎರಡು ಗುಣಗಳೂ ಒಂದೇ ಜೀವಿಯಲ್ಲಿ ಇರಬಹುದು. ಆದರೂ ಅವು ಬೇರೆ ಬೇರೆಯೇ. ಹಿಂದೆ ಬ್ಯಾಸಿಲಸ್ ಎಂದು ಕರೆಯಲಾಗುತ್ತಿದ್ದು, 2001ರಿಂದ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂದು ಹೆಸರು ಬದಲಾದ ಜೀವಿಯನ್ನು ನೋಡಿ. ಅದನ್ನು 1920ರಲ್ಲಿ ವರ್ಣಿಸಿದ್ದು ಡಬ್ಬಿಯಲ್ಲಿ ಕೆಟ್ಟುಹೋದ ಮೆಕ್ಕೆಜೋಳದಿಂದ. ಅದು ಬೆಳೆಯಲು ಬಯಸುವುದು 55–60 ಡಿಗ್ರಿಯ ಹಿತವಾದ ಬಿಸಿಯನ್ನು. ಅದರ ಬೀಜಕ ಮಾತ್ರ 100 ಡಿಗ್ರಿಯನ್ನೂ ಸಹಿಸಬಲ್ಲದು. ಆಸ್ಪತ್ರೆಗಳಲ್ಲಿ ಉಪಕರಣಗಳನ್ನು ಶುದ್ಧಿಮಾಡುವ ಆಟೋಕ್ಲೇವ್ 121 ಡಿಗ್ರಿಯಲ್ಲಿ ಸರಿಯಾಗಿ ಕೆಲಸ ಮಾಡಿತೇ ಎಂದು ಪರೀಕ್ಷಿಸಲು ಇದೇ ಬೀಜಕವನ್ನು ಒಳಗಿಡುತ್ತಾರೆ. ಅದು ಸತ್ತರೆ ಉಳಿದದ್ದೂ ಸತ್ತಿತೆಂದು ಲೆಕ್ಕ. ಇಂಥ ಬೀಜಕಗಳು ಸಕ್ಕರೆಯ ಮೂಲಕವೂ ಡಬ್ಬಿಯ ಆಹಾರವನ್ನು ಸೇರುತ್ತವೆಂದು ತಿಳಿದ ಮೇಲೆ ಡಬ್ಬಿ ಆಹಾರದವರು ತಾವು ಕೊಳ್ಳುವ ಸಕ್ಕರೆಯಲ್ಲಿ ಎಷ್ಟು ಬೀಜಕಗಳಿರಬಹುದೆಂದು ಮಿತಿಯನ್ನೇ ಹಾಕಿದರು. ಮುಧೋಳ, ಜಮಖಂಡಿ, ಬೀಳಗಿಯ ಸಕ್ಕರೆ ಸೀಮೆಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ನಾನು ಇದನ್ನು ಹೇಳದೆ ಬುಗ್ಗೆಯ ಕತೆ ಹೇಳಿದೆ.

ಇನ್ನೊಂದು ನಿದರ್ಶನ. 2020ರಲ್ಲಿ ಕೊರೋನಾ ಬಂದಾಗ ನಾವೆಲ್ಲ ಮೂಗಿನಿಂದ ದ್ರವ ಕೊಟ್ಟು ಮಾಡಿಸಿಕೊಂಡ ಪಿಸಿಆರ್ ಪರೀಕ್ಷೆಯ ಬೆನ್ನೆಲುಬು ಬ್ರಾಕ್ ಕಂಡ ಆ ಥರ್ಮಸ್ ಅಕ್ವಾಟಿಕಸ್ಸಿನ ಒಂದು ಕಿಣ್ವ. ಪಿಸಿಆರ್ ವಿಧಾನವನ್ನು 1983ರಲ್ಲಿ ಕಲ್ಪಿಸಿದ ಕ್ಯಾರಿ ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು. ಪರೀಕ್ಷೆಯ ಪ್ರತಿ ಸುತ್ತಿನಲ್ಲೂ ದ್ರವವನ್ನು 95 ಡಿಗ್ರಿಯವರೆಗೆ ಕಾಯಿಸುತ್ತಾರೆ. ಆ ಕಿಣ್ವ ಚೆನ್ನಾಗಿ ಕೆಲಸ ಮಾಡುವುದು 70 ಡಿಗ್ರಿಯ ಮೇಲೆ, 75ರ ಆಸುಪಾಸಿನಲ್ಲಿ. 95ನ್ನು ಅದು ಸಹಿಸುತ್ತದೆ ಮಾತ್ರ. ಸಹನೆಗೆ ಲೆಕ್ಕವಿದೆ: 95 ಡಿಗ್ರಿಯಲ್ಲಿ ಸುಮಾರು 40 ನಿಮಿಷ ಇಟ್ಟರೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಕುದಿಬುಗ್ಗೆಯಲ್ಲಿ ಹುಟ್ಟಿದ ವಸ್ತುವಿಗೂ ಸಹನೆಯ ಗಡುವು ತಪ್ಪಿದ್ದಲ್ಲ. ಪ್ರೀತಿಗೆ ಗಡುವಿಲ್ಲ, ಸಹನೆಗೆ ಇದೆ. ನನ್ನ ಇಡೀ ವಾದ ಇಷ್ಟೇ.

"ಮಾಸ್ತರರೇ, ಒಂದು ಪದಕ್ಕಾಗಿ ಇಷ್ಟು ರಾದ್ಧಾಂತವೇ?" ಎಂದು ನೀವು ಕೇಳಬಹುದು. ಪದ ತಪ್ಪಿದರೆ ಏನಾಗುತ್ತದೆಂದು ನಮ್ಮ ಹೊಲಗಳಲ್ಲೇ ತೋರಿಸುತ್ತೇನೆ.

ಕಬ್ಬು ಕಡಿದ ಮೇಲೆ ನಮ್ಮ ನಾಲ್ಕೂ ತಾಲೂಕುಗಳಲ್ಲಿ ರಾತ್ರಿಯ ಆಕಾಶ ಕೆಂಪಾಗುವುದನ್ನು ನೀವು ನೋಡಿದ್ದೀರಿ. ರವದಿಗೆ ಬೆಂಕಿ ಇಡುತ್ತೇವೆ. ಒಂದು ಹೆಕ್ಟೇರಿಗೆ ಸುಮಾರು 8ರಿಂದ 10 ಟನ್ ರವದಿ. ಅದರಲ್ಲಿದ್ದ ಸಾರಜನಕ ಹೊಗೆಯಾಗಿ ಹೋಗುತ್ತದೆ, ಮಣ್ಣಿಗೆ ಸೇರಬೇಕಾದ ಸಾವಯವ ಅಂಶ ಉರಿದುಹೋಗುತ್ತದೆ. ಆಮೇಲೆ ಅದೇ ಹೊಲಕ್ಕೆ ಚೀಲಗಟ್ಟಲೆ ಯೂರಿಯಾ ತಂದು ಸುರಿಯುತ್ತೇವೆ. ರೈತನ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಆಳು ಸಿಗುವುದಿಲ್ಲ, ಕುಳೆ ಬೆಳೆಗೆ ಬೇಗ ನೀರು ಹಾಯಿಸಬೇಕು, ರವದಿಯಲ್ಲಿ ಹಾವು ಹುಳದ ಭಯ. ಇವೆಲ್ಲ ನಿಜವಾದ ಕಾರಣಗಳು. ಆದರೆ "ರವದಿ ಕೊಳೆಯೂದಿಲ್ರಿ" ಎಂಬ ಕಾರಣ ಮಾತ್ರ ನಿಜವಲ್ಲ. ಅದನ್ನು ಕೊಳೆಯಿಸುವ ಕೆಲಸಗಾರರು ನಮ್ಮ ಮಣ್ಣಿನಲ್ಲೇ ಬೀಜಕಗಳಾಗಿ ಕಾಯುತ್ತಿದ್ದಾರೆ. ಅವರಿಗೆ ಪ್ರಿಯವಾದ ಮನೆಯನ್ನು ನಾವು ಕಟ್ಟಿಕೊಡುತ್ತಿಲ್ಲ.

ರವದಿಯಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಸಗಣಿಯ ರಾಡಿಯನ್ನೋ ಕಾರ್ಖಾನೆಯ ಪ್ರೆಸ್‌ಮಡ್ಡನ್ನೋ ಪದರ ಪದರವಾಗಿ ಸೇರಿಸಿ, ಹಿಂಡಿದರೆ ಕೈ ಒದ್ದೆಯಾಗುವಷ್ಟು ನೀರು ಚಿಮುಕಿಸಿ, ಎದೆಯೆತ್ತರಕ್ಕೆ ಒಟ್ಟಿದರೆ ಮೊದಲು ಸಾಧಾರಣ ಬ್ಯಾಕ್ಟೀರಿಯಾಗಳು ಕೆಲಸ ಹಿಡಿಯುತ್ತವೆ. ಅವುಗಳ ಉಸಿರಾಟದಿಂದಲೇ ರಾಶಿ ಬಿಸಿಯಾಗುತ್ತದೆ. 45 ಡಿಗ್ರಿ ದಾಟಿದೊಡನೆ ಅವು ಹಿಂದೆ ಸರಿದು ಉಷ್ಣಪ್ರಿಯರು ಮುಂದೆ ಬರುತ್ತವೆ. ರಾಶಿ 55 ಡಿಗ್ರಿಗಿಂತ ಮೇಲೆ ಹಲವು ದಿನ ನಿಂತರೆ ಕಳೆಯ ಬೀಜ ಮತ್ತು ರೋಗಾಣುಗಳು ಸಾಯುತ್ತವೆ. ನಡುನಡುವೆ ತಿರುವಿ ಹಾಕಬೇಕು, ಏಕೆಂದರೆ ಈ ಕೆಲಸಗಾರರಿಗೂ ಗಾಳಿ ಬೇಕು. ರಾಶಿಯೊಳಗೆ ಕಬ್ಬಿಣದ ಸಲಾಕೆಯೊಂದನ್ನು ಚುಚ್ಚಿಟ್ಟು ಆಮೇಲೆ ಹೊರತೆಗೆದು ಮುಟ್ಟಿ ನೋಡಿ. ಕೈ ಹಿಂದೆಗೆಯುವಷ್ಟು ಬಿಸಿಯಿದ್ದರೆ ಉಷ್ಣಪ್ರಿಯರು ಮನೆಯಲ್ಲಿದ್ದಾರೆಂದು ತಿಳಿಯಿರಿ. ಇದೇನೂ ಹೊಸ ವಿದ್ಯೆಯಲ್ಲ. ಆಲ್ಬರ್ಟ್ ಹೊವಾರ್ಡ್ ತನ್ನ ಇಂದೋರ್ ಪದ್ಧತಿಯನ್ನು 1931ರ ಗ್ರಂಥದಲ್ಲಿ ವಿವರಿಸಿದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ಪದ್ಧತಿ ಬೆಂಗಳೂರು ಪದ್ಧತಿಯೆಂದೇ ಪ್ರಸಿದ್ಧವಾಯಿತು. ತಿಪ್ಪೆಗೂ ಉಷ್ಣಪ್ರಿಯರಿಗೂ ಇರುವ ನಂಟನ್ನು ನಾನು ಅಂದೇ ಹೇಳಿದ್ದರೆ, ಇಂದು ರವದಿಗೆ ಕಡ್ಡಿ ಗೀರುವ ಕೆಲವು ಕೈಗಳಾದರೂ ಒಂದು ಕ್ಷಣ ತಡೆಯುತ್ತಿದ್ದವೇನೋ.

ಈಗ ಮದುವೆಯ ಪೆಂಡಾಲಿಗೆ ಮರಳುತ್ತೇನೆ.

ಮನುಷ್ಯರಲ್ಲಿ ಉಷ್ಣಪ್ರಿಯರೆಂಬ ಜಾತಿಯಿಲ್ಲ. ಮುಧೋಳದವನ ರಕ್ತವೂ ಮಡಿಕೇರಿಯವನ ರಕ್ತವೂ 37 ಡಿಗ್ರಿಯ ಆಸುಪಾಸಿನಲ್ಲೇ ಹರಿಯಬೇಕು. ದೇಹದ ಒಳಗಿನ ಉಷ್ಣತೆ 40 ದಾಟಿದರೆ ಮಿದುಳು ತಡವರಿಸುತ್ತದೆ, ಜೀವಕ್ಕೇ ಅಪಾಯ. ಹೊರಗೆ 42 ಡಿಗ್ರಿ ಇರುವಾಗ ಒಳಗೆ 37 ಇರುವಂತೆ ಕಾಯುವುದು ಬೆವರು ಒಂದೇ. ಬೆವರು ಆರಿದರೆ ತಂಪು. ಗಾಳಿಯಲ್ಲಿ ತೇವ ಹೆಚ್ಚಾದರೆ ಅದು ಆರುವುದೂ ಇಲ್ಲ. ರಬಕವಿ-ಬನಹಟ್ಟಿಯ ನೇಕಾರರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಗಾಳಿ ಒಣಗಿದರೆ ಹತ್ತಿಯ ನೂಲು ಹರಿಯುತ್ತದೆ. ಆದ್ದರಿಂದ ಮಗ್ಗದ ಮನೆಯಲ್ಲಿ ತೇವ ಬೇಕು. ತಗಡಿನ ಮಾಡಿನ ಕೆಳಗೆ ಆ ತೇವ, ಆ ಬಿಸಿ ಎರಡೂ ಸೇರಿದಾಗ ನೂಲು ಉಳಿಯುತ್ತದೆ, ಮನುಷ್ಯ ಕುಸಿಯುತ್ತಾನೆ. ಗಾಣದಲ್ಲಿ ಪಾಕ ಕುದಿಯುವುದು ನೀರಿನ ಕುದಿಬಿಂದುವನ್ನೂ ಮೀರಿದ ಬಿಸಿಯಲ್ಲಿ. ಅದರ ಕೆಳಗಿನ ಒಲೆಗೆ ಸಿಪ್ಪೆ ತುಂಬುವವನು ಬೆಂಕಿಯ ಬಾಯಿಗೇ ಮುಖವೊಡ್ಡಿ ನಿಂತಿರುತ್ತಾನೆ.

"ಅವರಿಗೆ ರೂಢಿ ಆಗೈತಿ" ಎನ್ನುತ್ತೇವೆ. ರೂಢಿ ಎಂಬುದು ಸುಳ್ಳಲ್ಲ. ಒಂದೆರಡು ವಾರ ಬಿಸಿಯಲ್ಲಿ ದುಡಿದ ದೇಹ ಬೇಗ ಬೆವರುವುದನ್ನೂ ಹೆಚ್ಚು ಬೆವರುವುದನ್ನೂ ಕಲಿಯುತ್ತದೆ. ಅಂದರೆ ರೂಢಿಯಾದವನಿಗೆ ನೀರು ಹೆಚ್ಚು ಬೇಕು, ಕಡಿಮೆಯಲ್ಲ! ಅವನಿಗೆ ರೂಢಿಯಿದೆಯೆಂದು ನೀರಿನ ಕೊಡವನ್ನು ದೂರವಿಡುವುದು ವಿಜ್ಞಾನಕ್ಕೆ ತಲೆಕೆಳಗಾದ ಮಾತು. ಮೇಲಾಗಿ ಆ ರೂಢಿ ಕೆಲವು ವಾರ ಕೆಲಸ ಬಿಟ್ಟರೆ ಅಳಿದುಹೋಗುತ್ತದೆ. ರಜೆ ಮುಗಿಸಿ ಬಂದವನು ಮೊದಲ ದಿನವೇ ಹಳೆಯ ವೇಗದಲ್ಲಿ ದುಡಿದರೆ ಅಪಾಯ. ಇದು ಸಹಿಷ್ಣುವಿನ ಲಕ್ಷಣ. ಉಷ್ಣಪ್ರಿಯ ಬ್ಯಾಕ್ಟೀರಿಯಾ ಬಿಸಿಗೆ ಬಂದು ಹಿಗ್ಗುತ್ತದೆ, ಸಂತಾನ ಬೆಳೆಸುತ್ತದೆ. ನಮ್ಮ ಆಳು ಬಿಸಿಗೆ ಬಂದು ಸವೆಯುತ್ತಾನೆ. ಸಂಜೆ ಅವನು ನೆರಳನ್ನು ಹುಡುಕಿಕೊಂಡು ಹೋಗಿ ಬೇವಿನ ಮರದ ಕೆಳಗೆ ಮೈ ಚೆಲ್ಲುತ್ತಾನೆ. ಪ್ರೀತಿಸುವ ವಸ್ತುವನ್ನು ಬಿಟ್ಟು ಯಾರಾದರೂ ಹಾಗೆ ಓಡುತ್ತಾರೆಯೇ?

ಸಹಿಸುವವನನ್ನು ಪ್ರಿಯನೆಂದು ಕರೆದ ಕ್ಷಣದಲ್ಲಿ ನಮ್ಮ ಹೊಣೆ ಇಳಿದುಹೋಗುತ್ತದೆ. ಇಷ್ಟಪಟ್ಟು ನಿಂತವನಿಗೆ ನೆರಳೇಕೆ, ಮಜ್ಜಿಗೆಯೇಕೆ, ಮಧ್ಯಾಹ್ನದ ಬಿಡುವೇಕೆ? ಈ ಒಂದು ಪದಪಲ್ಲಟದಲ್ಲಿ ಅಷ್ಟು ಲಾಭವಿದೆ. ಆದ್ದರಿಂದಲೇ ಅದು ಇಷ್ಟು ಸಲೀಸಾಗಿ ನಾಲಗೆಗೆ ಬರುತ್ತದೆ. ಬಿಸಿಲಿಗೆ ಮಾತ್ರವಲ್ಲ, ನಮ್ಮ ಮನೆಯ ಹೆಣ್ಣುಮಕ್ಕಳು ಹೊಗೆಯ ಒಲೆಯ ಮುಂದೆ ಆಯುಷ್ಯ ಕಳೆದಾಗಲೂ ನಾವು ಇದನ್ನೇ ಹೇಳಿದೆವು: ಅವಳಿಗೆ ಅಡುಗೆಯೆಂದರೆ ಪ್ರಾಣ ಎಂದು. ನನ್ನ ಅವ್ವ ಆ ಹೊಗೆಯಲ್ಲಿ ಕೆಮ್ಮುತ್ತಿದ್ದುದು ನನ್ನ ಕಿವಿಯಲ್ಲಿ ಇಂದಿಗೂ ಇದೆ. ಅವಳು ಸಹಿಸಿದಳು. ನಾವು ಅದನ್ನು ಪ್ರೀತಿಯೆಂದು ಓದಿಕೊಂಡೆವು.

ಗಾಣದ ಒಡೆಯನಾದ ನನ್ನ ಶಿಷ್ಯನಿಗೆ ಮರುದಿನವೇ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಸರ್, ಹಂಗಾದ್ರ ಒಂದು ತಗಡಿನ ಬದಲು ಎರಡು ಪದರ ತೆಂಗಿನ ಗರಿ ಹಾಕಿಸ್ತೀನಿ, ಮಧ್ಯಾಹ್ನ ಪಾಳಿ ಬದಲಿ ಮಾಡ್ತೀನಿ" ಎಂದ. ಮಾಡಿದನೋ ಇಲ್ಲವೋ ಹೋಗಿ ನೋಡುವವನಿದ್ದೇನೆ; ಅವನಿಗೂ ಅದು ಗೊತ್ತಿರಲಿ.

ಉಳಿದ ನಿಮ್ಮಲ್ಲಿ ನನ್ನ ವಿನಂತಿ ಒಂದೇ. ಹಳೆಯ ನೋಟುಬುಕ್ಕು ಯಾರ ಬಳಿಯಾದರೂ ಇದ್ದರೆ ಆ ಸಾಲನ್ನು ಹೊಡೆದುಹಾಕಿ ಹೀಗೆ ಬರೆದುಕೊಳ್ಳಿ: "ಅಧಿಕ ಉಷ್ಣತೆಯಲ್ಲಿ ಅತ್ಯುತ್ತಮವಾಗಿ ಬೆಳೆಯುವ ಜೀವಿಗಳು ಉಷ್ಣಪ್ರಿಯಗಳು. ಅವು ನಮ್ಮ ತಿಪ್ಪೆಯಲ್ಲಿವೆ, ಬಣವೆಯಲ್ಲಿವೆ, ಬುಗ್ಗೆಯಲ್ಲೂ ಇವೆ. ಬಿಸಿಯಲ್ಲಿ ಬೆಳೆಯದೆ ಕೇವಲ ಬದುಕುಳಿಯುವವು ಉಷ್ಣಸಹಿಷ್ಣುಗಳು. ಮನುಷ್ಯ ಉಷ್ಣಪ್ರಿಯನಲ್ಲ." ನಿಮ್ಮಲ್ಲಿ ಮಾಸ್ತರರಾದವರು ಇದನ್ನು ಬರೆಸುವಾಗ ಮಕ್ಕಳನ್ನು ಒಂದು ತಿಪ್ಪೆಯ ಬಳಿಗೆ ಕರೆದೊಯ್ಯಿರಿ, ಸಲಾಕೆಯೊಂದನ್ನು ಮರೆಯಬೇಡಿ.

ಹಿಂದಿನ ಸಾಲಿನ ಆ ಹುಡುಗ ಇಂದು ಎಲ್ಲಿದ್ದಾನೋ, ಇದನ್ನು ಓದುತ್ತಾನೋ ಇಲ್ಲವೋ. ಓದಿದರೆ ಅವನಿಗೆ ಹೇಳುವುದಿಷ್ಟು: ಹೌದಪ್ಪಾ, ಅಲ್ಲೂ ಇರತಾವ. ನಿನ್ನ ಆ ಒಂದು ಅಂಕ ನನ್ನ ಹತ್ತಿರ ಇನ್ನೂ ಬಾಕಿ ಇದೆ.